ಚಿಲಕವಿಲ್ಲದ ಬಾಗಿಲು

ಎಲೊಡಿಯಾ ಹಿಂದೆ ಸರಿಯಬೇಕಿತ್ತಂತೆ.

ಪ್ರಾಸಿಕ್ಯೂಟರ್ ಹೇಳಿದ್ದು ಅಷ್ಟೇ. ಬೂದು ಸೂಟು ತೊಟ್ಟು, ಕೈಯಲ್ಲೊಂದು ಕಡ್ಡಿ ಹಿಡಿದು, ತೂಗುಹಾಕಿದ್ದ ನಕ್ಷೆಯನ್ನು ಕುಟ್ಟಿ ಕುಟ್ಟಿ ಹೇಳಿದ. ಇದು ಹೆಂಗಸರ ಕೋಣೆ. ಇದು ಕೋಣೆಯ ಬಾಗಿಲು, ಮೇಸ್ತ್ರಿ ಡ್ವೇನ್ ಒಳಗೆ ಬಂದದ್ದು ಇಲ್ಲಿಂದ. ಇದು ಹಿಂಬಾಗಿಲು. ಆರೋಪಿಯ ಬೆನ್ನಿಗೂ ಹಿಂಬಾಗಿಲಿಗೂ ನಡುವೆ ಇದ್ದದ್ದು ಆರೇ ಅಡಿ. ಮೇಲೆ ಬಿದ್ದವನಿಂದ ತಪ್ಪಿಸಿಕೊಂಡು ಹೋಗಲು ದಾರಿ ಇದ್ದರೆ ಮೊದಲು ಆ ದಾರಿ ಹಿಡಿಯಬೇಕು, ಅದು ಈ ರಾಜ್ಯದಲ್ಲಿ ಪ್ರತಿಯೊಬ್ಬರ ಕರ್ತವ್ಯ. ದಾರಿ ಇದ್ದೂ ಹೋಗದೆ ಚಾಕು ಎತ್ತಿದರೆ ಅದಕ್ಕೆ ಆತ್ಮರಕ್ಷಣೆ ಎನ್ನುವುದಿಲ್ಲ, ಅಪರಾಧ ಎನ್ನುತ್ತಾರೆ.

ತೀರ್ಪು ಹೇಳಲು ಕೂತಿದ್ದ ಹನ್ನೆರಡು ಜನ ಜ್ಯೂರಿಗಳು ತಲೆಯಾಡಿಸಿದರು. ಹೊಟ್ಟೆ ತುಂಬ ಉಂಡು ಬಂದ ಮುಖಗಳು. ಬಾಗಿಲು ಒದ್ದು ಯಾರಾದರೂ ಒಳಗೆ ನುಗ್ಗಿದರೆ ಹೇಗಿರುತ್ತದೆ ಎಂದು ಅವರಲ್ಲಿ ಒಬ್ಬರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಕರ್ತವ್ಯವಂತೆ. ಹಿಂದೆ ಸರಿಯುವುದನ್ನು ನಮಗೆ ಇವನು ಹೇಳಿಕೊಡಬೇಕೆ? ನನ್ನ ಅಜ್ಜಿ ಜಮೀನುದಾರನಿಗೆ ಹೆದರಿ ಬಯಲಿನಿಂದ ಬೆಟ್ಟಕ್ಕೆ ಸರಿದಳು. ನನ್ನವ್ವ ಬೆಟ್ಟದ ಬುಡದಿಂದ ತುದಿಗೆ ಸರಿದಳು. ತುದಿಯಲ್ಲಿ ಕಲ್ಲು ಬಿಟ್ಟರೆ ಏನೂ ಇರಲಿಲ್ಲ, ಹಾಗಾಗಿ ನಾನು ದೇಶ ಬಿಟ್ಟು ಇಲ್ಲಿಗೆ ಸರಿದೆ. ಇನ್ನು ಸರಿದರೆ ಸಮುದ್ರ.

ನನ್ನ ಹೆಸರು ಹೆರ್ಲಿಂಡಾ. ಮೆಕ್ಸಿಕೋದ ಇದಾಲ್ಗೋ ಸೀಮೆಯ ಎಲ್ ಓಕೋಟೆ ನನ್ನೂರು. ಹದಿನಾಲ್ಕು ವರ್ಷದಿಂದ ಪ್ರತಿ ಏಪ್ರಿಲ್‌ನಲ್ಲಿ ಬಸ್ಸು ಹತ್ತಿ, ನಾಲ್ಕು ದಿನ ಕೂತು, ಮೇರಿಲ್ಯಾಂಡಿನ ಈ ದ್ವೀಪಕ್ಕೆ ಏಡಿ ಬಿಡಿಸಲು ಬರುತ್ತೇನೆ. ನವೆಂಬರಿನಲ್ಲಿ ಏಡಿ ಕೆಸರಿಗಿಳಿಯುತ್ತದೆ, ನಾವು ಊರಿಗೆ ಹೋಗುತ್ತೇವೆ. ಎಲೊಡಿಯಾ ನನ್ನೂರಿನವಳೇ. ಅವಳ ಮಗಳು ಇಟ್ಸೆಲ್‌ಳ ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದ ಜ್ಞಾನತಾಯಿ ನಾನು. ನಮ್ಮಲ್ಲಿ ಆ ನಂಟು ರಕ್ತಸಂಬಂಧಕ್ಕಿಂತ ಹೆಚ್ಚು. ಅವಳು ನನ್ನನ್ನು ಅಕ್ಕ ಎನ್ನುತ್ತಾಳೆ. ಅವಳನ್ನು ಈ ಕೆಲಸಕ್ಕೆ ಕರೆತಂದದ್ದೂ ನಾನೇ. ಅದು ನನ್ನನ್ನು ಇನ್ನೂ ಸುಡುತ್ತದೆ.

ಏಡಿ ಬಿಡಿಸುವುದು ಎಂದರೆ ಏನೆಂದು ಆ ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ. ಬೆಳಗಿನ ಐದಕ್ಕೆ ಉಕ್ಕಿನ ಮೇಜಿನ ಮುಂದೆ ಕೂರಬೇಕು. ಬೇಯಿಸಿದ ಏಡಿಗಳನ್ನು ಸಲಿಕೆಯಲ್ಲಿ ತಂದು ನಮ್ಮ ಮುಂದೆ ಸುರಿಯುತ್ತಾರೆ. ಬೆನ್ನಿನ ಚಿಪ್ಪು ಕೀಳು. ಕಾಲು ಕೊಯ್ಯಿ. ಎದೆ ಸೀಳು. ಮಾಂಸದ ಉಂಡೆ ಮುರಿಯದಂತೆ ಎತ್ತಿ ಡಬ್ಬಿಗೆ ಹಾಕು. ಹೀಗೆ ಹತ್ತು ಗಂಟೆ. ಚಿಪ್ಪಿನ ಮುಳ್ಳು ಬೆರಳ ಸಂದಿಗೆ ಇಳಿಯುತ್ತದೆ, ಗಾಯಕ್ಕೆ ಉಪ್ಪುನೀರು ಸೇರುತ್ತದೆ, ಕೈ ಬದನೆಕಾಯಿಯಂತೆ ಊದಿಕೊಳ್ಳುತ್ತದೆ. ಬೆರಳಿಗೆ ಅಂಟುಪಟ್ಟಿ ಸುತ್ತಿಕೊಂಡು ಮತ್ತೆ ಕೂರಬೇಕು. ಮಾಂಸದಲ್ಲಿ ಚಿಪ್ಪಿನ ಚೂರು ಸಿಕ್ಕರೆ ಮೇಸ್ತ್ರಿ ಡ್ವೇನ್ ಡಬ್ಬಿಯನ್ನು ನಮ್ಮ ಮಡಿಲಿಗೇ ಸುರಿಯುತ್ತಾನೆ. ಡ್ವೇನ್ ನಮ್ಮ ಧಣಿ ಟಾಲಿಯ ಹೆಂಡತಿಯ ತಮ್ಮ. ಅವನಿಗಿದ್ದ ಯೋಗ್ಯತೆ ಅದೊಂದೇ.

ಒಬ್ಬೊಬ್ಬಳಿಗೂ ಅವಳದೇ ಚಾಕು. ಗೇಣಿಗಿಂತ ಗಿಡ್ಡ. ಹಿಡಿಗೆ ಬಟ್ಟೆ ಸುತ್ತಿ, ಅಲಗನ್ನು ತನ್ನ ಕೈಗೆ ತಕ್ಕಂತೆ ಅರದಿಂದ ತಿದ್ದಿಕೊಂಡಿರುತ್ತಾಳೆ. ಬೇರೆಯವಳ ಚಾಕುವಿನಲ್ಲಿ ಕೆಲಸ ಓಡುವುದಿಲ್ಲ. ಕಾರ್ಖಾನೆಯಲ್ಲಿ ಬಿಟ್ಟುಬಂದರೆ ಬೆಳಿಗ್ಗೆ ಇರುವುದಿಲ್ಲ. ಹಾಗಾಗಿ ಸಂಜೆ ತೊಳೆದು, ಏಪ್ರನ್ನಿನಲ್ಲಿ ಸುತ್ತಿಕೊಂಡು ಬರುತ್ತೇವೆ.

ಬರುವುದು ಎಲ್ಲಿಗೆ? ಕಾರ್ಖಾನೆಯ ಹಿಂದಿರುವ ಟಾಲಿಯ ಹಲಗೆ ಕಟ್ಟಡಕ್ಕೆ. ಒಂದೇ ಕೋಣೆ, ಎಂಟು ಮಂಚ, ಎಂಟು ಹೆಂಗಸರು. ನಾವು ಅದನ್ನು ದೊಡ್ಡಿ ಎನ್ನುತ್ತಿದ್ದೆವು. ಯಾರೂ ಮನೆ ಎನ್ನುತ್ತಿರಲಿಲ್ಲ. ನಾನು ಬಂದ ಮೊದಲ ವರ್ಷ ಚೋನಾ ಎಂಬ ಹುಡುಗಿ ಇದ್ದಳು. ಒಂದು ಸಂಜೆ ಕೆಲಸ ಮುಗಿಸಿ ಸೊಂಟ ನೆಟ್ಟಗೆ ಮಾಡುತ್ತ, "ನಡೀರೇ, ನಮ್ಮನೆಗೆ ಹೋಗಾಣ" ಎಂದಳು. ಆರು ವಾರಕ್ಕೆ ಅವಳ ಹೆಬ್ಬೆರಳಿನ ಗಾಯ ನಂಜಾಯಿತು. ಊರಿಗೆ ಹೆಣ ಕಳಿಸುವ ತಾಪತ್ರಯ ಯಾರೂ ಹೊರಲಿಲ್ಲ. ಪೇಟೆಯ ಸ್ಮಶಾನದ ಮೂಲೆಯಲ್ಲಿ ಮಲಗಿದ್ದಾಳೆ. ಆವತ್ತಿನಿಂದ ನಮ್ಮಲ್ಲಿ ಅದೊಂದು ಕಟ್ಟಳೆ. ಇದನ್ನು ಮನೆ ಎಂದವಳು ಮನೆಗೆ ಹೋಗುವುದಿಲ್ಲ. ಹೊಸಬಳು ಬಂದು ಇನ್ನೂ ಗಂಟು ಬಿಚ್ಚುವ ಮೊದಲೇ ಅವಳ ಕಿವಿಯಲ್ಲಿ ಇದನ್ನು ಹೇಳುತ್ತೇವೆ. ಎಲೊಡಿಯಾಳ ಕಿವಿಯಲ್ಲಿ ಹೇಳಿದವಳೂ ನಾನೇ.

ಕೋಣೆಯ ಬಾಗಿಲಿಗೆ ಮೊದಲು ಚಿಲಕವಿತ್ತು. ಡ್ವೇನ್ ಮೇಸ್ತ್ರಿಯಾದ ಮೇಲೆ ಅದನ್ನು ಬಿಚ್ಚಿಸಿದ. ಬೆಂಕಿ ಬಿದ್ದರೆ ಓಡಿಬಂದು ನಿಮ್ಮನ್ನು ಉಳಿಸಬೇಕಲ್ಲ ಎಂದ. ಹಿಂಬಾಗಿಲ ಚಿಲಕ ಮಾತ್ರ ಹಾಗೇ ಇತ್ತು. ಆ ಬಾಗಿಲ ಹಿಂದೆ ಜೌಗು. ಆ ಕಡೆಯಿಂದ ಯಾರೂ ಬರಲಾರರು. ಯಾರೂ ಬರಲಾಗದ ಬಾಗಿಲಿಗೆ ಗಟ್ಟಿ ಚಿಲಕ, ಅವನು ಬರುವ ಬಾಗಿಲಿಗೆ ಬರೀ ತೂತು. ಬೆಂಕಿಯ ಮೇಲೆ ಅವನಿಗೆ ಅಷ್ಟು ಕಾಳಜಿ.

ನಾವು ಚಾಕುವನ್ನೇ ಚಿಲಕ ಮಾಡಿಕೊಂಡೆವು. ಬಾಗಿಲು ಒಳಕ್ಕೆ ತೆರೆಯುತ್ತದೆ. ಒಳಗಿನಿಂದ ಚೌಕಟ್ಟಿಗೆ ಚಾಕು ಚುಚ್ಚಿದರೆ ಅದರ ಹಿಡಿ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಸರದಿಯ ಪ್ರಕಾರ ದಿನಕ್ಕೊಬ್ಬಳ ಚಾಕು. ತಳ್ಳಿದವನಿಗೆ ಬಾಗಿಲು ಬಿಗಿಯಾಗಿದೆ ಎನ್ನಿಸಬೇಕು, ಅಷ್ಟೇ. ಡ್ವೇನ್ ತಳ್ಳಿ ನೋಡಿ, ಬೈದುಕೊಂಡು ಹೋಗುತ್ತಿದ್ದ. ಎಷ್ಟೋ ಸಲ.

ಹಿಂದೆ ಸರಿದು ನೋಡಿದವಳೂ ನಮ್ಮಲ್ಲಿ ಇದ್ದಳು. ಫಿಲೋಮಿನಾ. ಡ್ವೇನನ ಕಾಟ ತಡೆಯದೆ ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಎದ್ದು, ಸೇತುವೆ ದಾಟಿ ನಡೆದುಬಿಟ್ಟಳು. ನಮ್ಮ ವೀಸಾದ ಮೇಲೆ ಟಾಲಿಯ ಹೆಸರಿದೆ. ಟಾಲಿಯ ಕೆಲಸಕ್ಕೆ ಬಂದವಳು ಟಾಲಿಯ ಹತ್ತಿರವೇ ಇರಬೇಕು. ಬಿಟ್ಟುಹೋದರೆ 'ಪರಾರಿ' ಎಂದು ಸರ್ಕಾರಕ್ಕೆ ಬರೆದು ಕಳಿಸುತ್ತಾನೆ. ಫಿಲೋಮಿನಾಳನ್ನು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದರು. ಕೈಕೋಳ ಹಾಕಿ ಗಡಿ ದಾಟಿಸಿದರು. ಅವಳಿಗೂ ಅವಳ ತಂಗಿಗೂ ಇನ್ನು ಜನ್ಮದಲ್ಲಿ ಈ ಕೆಲಸ ಇಲ್ಲ. ಒಂದು ಕಾನೂನು ಹೋದರೆ ಹಿಡಿಯುತ್ತೇನೆ ಎನ್ನುತ್ತದೆ, ಇನ್ನೊಂದು ಕಾನೂನು ಯಾಕೆ ಹೋಗಲಿಲ್ಲ ಎನ್ನುತ್ತದೆ. ಎರಡನ್ನೂ ಬರೆದವರು ಒಂದೇ ಮೇಜಿನಲ್ಲಿ ಕೂತು ಕಾಫಿ ಕುಡಿದಿರಬೇಕು.

ನಡೆದದ್ದು ಕಳೆದ ಸೆಪ್ಟೆಂಬರಿನ ಒಂದು ಭಾನುವಾರ. ಭಾನುವಾರ ಡ್ವೇನ್ ನಮ್ಮನ್ನು ವ್ಯಾನಿನಲ್ಲಿ ಪೇಟೆಯ ಚರ್ಚಿಗೆ ಬಿಡುತ್ತಿದ್ದ, ಪೂಜೆ ಮುಗಿಯುವವರೆಗೆ ಕಾದು ಕರೆತರುತ್ತಿದ್ದ. ಆವತ್ತು ಎಲೊಡಿಯಾ ಬರಲಿಲ್ಲ. ಅವಳ ಎಡಗೈ ಮೊಣಕೈವರೆಗೆ ಊದಿತ್ತು. ನಾವು ಏಳು ಜನ ಇಳಿದೆವು. ನಾನು ಮೆಟ್ಟಿಲು ಹತ್ತುತ್ತ ತಿರುಗಿ ನೋಡಿದೆ. ವ್ಯಾನು ನಿಂತಿರಲಿಲ್ಲ. ಸೇತುವೆಯ ಕಡೆಗೆ ವಾಪಸ್ಸು ಹೋಗುತ್ತಿತ್ತು.

ನನಗೆ ಆಗಲೇ ಗೊತ್ತಾಯಿತು. ಹದಿನೆಂಟು ಮೈಲಿ ದೂರ. ಅವಳ ಫೋನಿಗೆ ಹನ್ನೊಂದು ಸಲ ಮಾಡಿದೆ. ಫಾದರ್ ಒಳಗೆ ಶಾಂತಿಯ ಮೇಲೆ ಪ್ರವಚನ ಮಾಡುತ್ತಿದ್ದರು. ನಾನು ಹೊರಗೆ ಚರ್ಚಿನ ಗೋಡೆಗೆ ತಲೆ ಚಚ್ಚಿಕೊಂಡೆ. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ದ್ವೀಪದಲ್ಲಿ ಆದದ್ದು ಇಷ್ಟು. ಡ್ವೇನ್ ಬಾಗಿಲು ತಳ್ಳಿದ. ಬಿಗಿಯಾಗಿತ್ತು. ಒದ್ದ. ಮೂರನೇ ಒದೆತಕ್ಕೆ ಚಾಕು ಚೌಕಟ್ಟಿನಿಂದ ಸಿಡಿದು ಎಲೊಡಿಯಾಳ ಮಂಚದ ಹತ್ತಿರ ಬಿತ್ತು. ಅವಳು ಬಲಗೈಯಲ್ಲಿ ಎತ್ತಿಕೊಂಡಳು. ಬರಬೇಡ ಎಂದಳು. ಅವನು ನಗುತ್ತ ಬೆಲ್ಟು ಬಿಚ್ಚಿದ. ಅವಳು ನಾಲ್ಕು ಹೆಜ್ಜೆ ಹಿಂದೆ ಸರಿದಳು. ಹೌದು, ಸರಿದಳು. ಆ ನಾಲ್ಕು ಹೆಜ್ಜೆಯನ್ನು ನಕ್ಷೆಯಲ್ಲಿ ಯಾರೂ ಬರೆದಿರಲಿಲ್ಲ. ಅವನು ಅವಳ ಊದಿದ ಕೈಯನ್ನೇ ಹಿಡಿದು ತಿರುಚಿದ. ಅವಳು ಒಂದೇ ಸಲ ಚುಚ್ಚಿದಳು. ಪಕ್ಕೆಗೆ. ದಿನಕ್ಕೆ ಸಾವಿರ ಏಡಿ ಸೀಳುವ ಕೈ ಅದು. ಕೊಲ್ಲಬೇಕೆಂದಿದ್ದರೆ ಎಲ್ಲಿ ಚುಚ್ಚಬೇಕೆಂದು ಅದಕ್ಕೆ ಗೊತ್ತಿತ್ತು.

ಡ್ವೇನ್ ಸಾಯಲಿಲ್ಲ. ಪೊಲೀಸರು ಬಂದರು. ಅವರಲ್ಲಿ ಒಬ್ಬನಿಗೆ ನಮ್ಮ ಭಾಷೆ ಚೆನ್ನಾಗಿಯೇ ಬರುತ್ತಿತ್ತು. ಮೆತ್ತಗೆ ಕೇಳಿದನಂತೆ, ಇದು ನಿನ್ನ ಮನೆಯಾ ಎಂದು. ಎಲೊಡಿಯಾ ಬೆಚ್ಚಿ, ಶಿಲುಬೆಯ ಗುರುತು ಹಾಕಿಕೊಂಡು ಹೇಳಿದಳು. "ಇಲ್ಲಪ್ಪ. ಇದು ನನ್ನ ಮನೆ ಅಲ್ಲ. ನನ್ನ ಮನೆ ಎಲ್ ಓಕೋಟೆಲಿದೆ." ಅವನು ಬರೆದುಕೊಂಡ. ಅವಳು ಸಹಿ ಹಾಕಿದಳು. ಕೈಕೋಳದಲ್ಲಿ ಕೂತಿದ್ದಾಗಲೂ ಅವಳು ನಮ್ಮ ಕಟ್ಟಳೆ ಮುರಿಯಲಿಲ್ಲ.

ಆ ಒಂದು ಸಹಿ ಅವಳ ಕೊರಳಿಗೆ ಬಿತ್ತು. ಯಾಕೆಂದರೆ ಹಿಂದೆ ಸರಿಯುವ ಈ ಕರ್ತವ್ಯಕ್ಕೆ ಒಂದು ವಿನಾಯಿತಿ ಇದೆ. ಸ್ವಂತ ಮನೆಯಲ್ಲಿರುವವರು ಸರಿಯಬೇಕಾಗಿಲ್ಲ. ಮೂರು ವರ್ಷದ ಹಿಂದೆ ಇದೇ ಕೋರ್ಟಿನಲ್ಲಿ ಟಾಲಿಯ ಚಿಕ್ಕಪ್ಪನ ಕೇಸು ನಡೆದಿತ್ತು. ಕಾರು ಕೆಟ್ಟಿದೆ, ಫೋನು ಕೊಡಿ ಎಂದು ಜಗಲಿ ಹತ್ತಿದ ಕಪ್ಪು ಮನುಷ್ಯನ ತೊಡೆಗೆ ಗುಂಡು ಹೊಡೆದಿದ್ದ. ಆ ಮುದುಕನಿಗೆ ಹಿಂಬಾಗಿಲು ಎಷ್ಟು ಅಡಿ ದೂರವಿತ್ತು ಎಂದು ಯಾರೂ ಅಳೆಯಲಿಲ್ಲ. ಅವನ ಮನೆ, ಅವನು ನಿಂತ, ಹೊಡೆದ, ಮುಗಿಯಿತು. ಅರ್ಧ ದಿನದಲ್ಲಿ ಮನೆಗೆ ಹೋದ. ನಾವು ಮನೆಯಿಲ್ಲದವರು. ನಮಗೆ ಕರ್ತವ್ಯ.

ಚಳಿಗಾಲವಿಡೀ ಎಲೊಡಿಯಾ ಜೈಲಿನಲ್ಲಿದ್ದಳು. ನವೆಂಬರಿನಲ್ಲಿ ಅವಳ ವೀಸಾ ಮುಗಿಯಿತು. ನಾವು ಊರಿಗೆ ಹೋದೆವು. ಒಂಬತ್ತು ವರ್ಷದ ಇಟ್ಸೆಲ್ ಬಸ್ಸಿನ ಬಾಗಿಲಲ್ಲಿ ನಿಂತು, ಇಳಿಯುವವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಕೊನೆಯವಳು ನಾನು. ನನ್ನ ಹಿಂದೆಯೂ ನೋಡಿದಳು.

ಏಪ್ರಿಲ್‌ನಲ್ಲಿ ವಾಪಸ್ಸು ಬಂದ ವಾರವೇ ಜೈಲಿಗೆ ಹೋಗಿ ಅವಳನ್ನು ನೋಡಿದೆ. ಗಾಜಿನ ಆ ಕಡೆ ಅವಳು, ಈ ಕಡೆ ನಾನು, ನಡುವೆ ಫೋನು. ಸರ್ಕಾರದವರು ಒಂದು ಮಾತು ಕಳಿಸಿದ್ದಾರೆಂದು ಅವಳ ವಕೀಲೆ ನನಗೆ ಮೊದಲೇ ಹೇಳಿದ್ದಳು. ತಪ್ಪಾಯಿತು ಎಂದು ಒಪ್ಪಿದರೆ ಎರಡು ವರ್ಷಕ್ಕೆ ಮುಗಿಸುತ್ತಾರೆ. ವಿಚಾರಣೆ ನಡೆದು ಸೋತರೆ ಹದಿನೈದು. ಒಪ್ಪಿಕೊಂಡುಬಿಡು ಎಂದು ಹೇಳಲೆಂದೇ ನಾನು ಹೋಗಿದ್ದೆ. ಇಟ್ಸೆಲ್‌ಳ ಫೋಟೋ ಗಾಜಿಗೆ ಒತ್ತಿ ಹಿಡಿದೆ. ಹದಿನೈದು ಎಂದರೆ ನಿನ್ನ ಮಗಳಿಗೆ ಇಪ್ಪತ್ನಾಲ್ಕು ಕಣೇ ಎಂದೆ.

ಎಲೊಡಿಯಾ ಗಾಜಿನ ಆ ಕಡೆಯಿಂದ ಫೋಟೋದ ಮೇಲೆ ಅಂಗೈ ಇಟ್ಟಳು.

"ಈಗ್ಲೂ ಅದನ್ನೇ ಹೇಳ್ತಿದಾರಲ್ಲಕ್ಕ," ಎಂದಳು. "ಹಿಂದೆ ಸರಿ ಅಂತ. ನಾ ತಪ್ಪು ಮಾಡಿಲ್ಲ. ಆಗಲ್ಲ ಅಂತ ವಕೀಲಮ್ಮಂಗೆ ಹೇಳು."

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ನನ್ನ ಮೇಲೆ. ನಾನು ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವಳು, ಡ್ವೇನನ ಕೈಯನ್ನು ಇಪ್ಪತ್ತು ಸಲ ತಳ್ಳಿ ತಲೆ ಬಗ್ಗಿಸಿ ಏಡಿ ಸೀಳಿದವಳು. ಫೋಟೋ ಜೇಬಿಗೆ ಹಾಕಿಕೊಂಡು ಎದ್ದೆ.

ಅವಳಿಗೆ ಸರ್ಕಾರ ಕೊಟ್ಟ ವಕೀಲೆಯ ಹೆಸರು ಥೆಲ್ಮಾ. ಕಪ್ಪು ಹೆಂಗಸು, ಸವೆದ ಹಿಮ್ಮಡಿಯ ಚಪ್ಪಲಿ. ಅವಳ ಅಜ್ಜಿ ಇದೇ ತೀರದಲ್ಲಿ ನಲವತ್ತು ವರ್ಷ ಏಡಿ ಬಿಡಿಸಿದ್ದಳಂತೆ. ನನ್ನ ಚಾಕುವಿನ ಹಿಡಿಯ ಬಟ್ಟೆ ಮುಟ್ಟಿ ನೋಡಿ, ಅಜ್ಜಿ ಕೂಡ ಹೀಗೇ ಸುತ್ತುತ್ತಿದ್ದಳು ಎಂದಳು. ನಕ್ಷೆ ಸಾಕಾಗುವುದಿಲ್ಲ, ಜ್ಯೂರಿಗಳು ಆ ಕೋಣೆಯನ್ನು ಕಣ್ಣಾರೆ ನೋಡಬೇಕು ಎಂದು ಕೋರ್ಟಿನಲ್ಲಿ ಹಟ ಹಿಡಿದವಳು ಅವಳೇ. ಜಡ್ಜು ಗಡಿಯಾರ ನೋಡಿಕೊಂಡು ಒಪ್ಪಿದ.

ಮೇ ತಿಂಗಳ ಒಂದು ಮಧ್ಯಾಹ್ನ ಎರಡು ವ್ಯಾನುಗಳಲ್ಲಿ ಬಂದಿಳಿದರು. ಜಡ್ಜು, ಜ್ಯೂರಿಗಳು, ಕಾವಲಿನವರು, ಪ್ರಾಸಿಕ್ಯೂಟರ್. ನಮಗೆ ಅಂಗಳದಲ್ಲಿ ನಿಂತಿರಿ, ಬಾಯಿ ಬಿಡಬೇಡಿ ಎಂದರು. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಪ್ರಾಸಿಕ್ಯೂಟರ್ ಕೋಣೆಯ ನಡುವೆ ನಿಂತ. ಆರು ಅಡಿ ಎಷ್ಟು ಹತ್ತಿರ ಎಂದು ತೋರಿಸಲು ಹಿಂದಕ್ಕೆ ನಡೆದ. ಒಂದು, ಎರಡು, ಮೂರು. ಹಿಂಬಾಗಿಲ ಚಿಲಕ ತೆಗೆದ. ಬಾಗಿಲು ತೆರೆದ. ಹೊರಗೆ ಹಸಿರು ಹುಲ್ಲು, ನೀಲಿ ಆಕಾಶ, ಒಂದು ಕೊಕ್ಕರೆ. ಇಷ್ಟೇ, ಇಷ್ಟು ಸುಲಭ ಎಂಬಂತೆ ಕೈ ಬೀಸಿದ.

ಮೆಟ್ಟಿಲು ಇರಲಿಲ್ಲ. ಮೂರು ವರ್ಷದ ಹಿಂದಿನ ಬಿರುಗಾಳಿಗೆ ಕೊಚ್ಚಿಹೋಗಿತ್ತು, ಟಾಲಿ ಕಟ್ಟಿಸಿರಲಿಲ್ಲ. ಆದರೆ ಜ್ಯೂರಿಗಳು ನೋಡುತ್ತಿದ್ದಾರೆ, ಕೈ ಬೀಸಿ ಆಗಿದೆ. ಚೌಕಟ್ಟು ಹಿಡಿದು ಒಂದು ಕಾಲು ಕೆಳಗಿಟ್ಟ. ಹುಲ್ಲು ಗಟ್ಟಿಯಾಗಿ ಕಂಡಿತ್ತು. ಇನ್ನೊಂದು ಕಾಲೂ ಇಟ್ಟ. ಜೌಗು ಅವನನ್ನು ಮೊಣಕಾಲವರೆಗೆ ನುಂಗಿತು. ಎಳೆದಷ್ಟೂ ಒಳಕ್ಕೆ ಹೋದ. ತೊಡೆ ಮುಟ್ಟಿದಾಗ ಕೂಗಿಕೊಂಡ. ಇಬ್ಬರು ಕಾವಲಿನವರು ಕಂಕುಳಿಗೆ ಕೈ ಹಾಕಿ ಮೇಲೆತ್ತಿದರು. ಅವನು ಬಂದ, ಒಂದು ಶೂ ಬರಲಿಲ್ಲ.

ನಮಗೆ ಬಾಯಿ ಬಿಡಬೇಡಿ ಎಂದಿದ್ದರು. ನಾವು ಬಿಡಲಿಲ್ಲ. ಒಣಹಾಕಿದ್ದ ಚಾದರದ ಹಿಂದೆ ನಿಂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಏಡಿ ಕೂಡ ಆ ಕೆಸರಿನಲ್ಲಿ ನೋಡಿಕೊಂಡು ಕಾಲಿಡುತ್ತದೆ. ಶೂ ಈಗಲೂ ಅಲ್ಲೇ ಇದೆ.

ಎಲ್ಲರೂ ಹೊರಟಾಗ ಜ್ಯೂರಿಯ ಒಬ್ಬ ಹೆಂಗಸು ಮಾತ್ರ ಕೋಣೆಯ ಬಾಗಿಲಲ್ಲಿ ನಿಂತಳು. ವಯಸ್ಸಾದವಳು, ಕೆಂಪು ಒರಟು ಕೈ. ಎಲ್ಲೋ ಅಡಿಗೆಮನೆಯಲ್ಲಿ ದುಡಿದ ಕೈ ಎಂದು ನೋಡಿದರೆ ಗೊತ್ತಾಗುತ್ತಿತ್ತು. ಚೌಕಟ್ಟಿನ ಮೇಲೆ ಕೈಯಾಡಿಸಿದಳು. ಅಲ್ಲಿ ಮೇಲಿನಿಂದ ಕೆಳಗಿನವರೆಗೆ ಸಣ್ಣ ಸಣ್ಣ ಸೀಳುಗಳು. ನೂರಾರು. ಒಂದರೊಳಗೆ ಉಗುರಿಟ್ಟು ನೋಡಿದಳು. ಇದೇನು ಎಂದು ಕೇಳಿದಳು. ಉತ್ತರ ಹೇಳಬಾರದು ಎಂದು ಕಾವಲಿನವನು ಅವಳನ್ನು ಕರೆದೊಯ್ದ.

ಮಾರನೇ ದಿನ ಸಾಕ್ಷಿಕಟ್ಟೆಯಲ್ಲಿ ಆ ಉತ್ತರವನ್ನು ನಾನು ಹೇಳಿದೆ. ಅವು ಚಾಕು ಚುಚ್ಚಿದ ಗುರುತುಗಳು, ಡ್ವೇನ್ ಬಿಚ್ಚಿಸಿದ ಚಿಲಕದ ಬದಲಿಗೆ ಎಂದೆ. ಆ ಹೆಂಗಸು ನನ್ನನ್ನೇ ನೋಡುತ್ತಿದ್ದಳು.

ಪ್ರಾಸಿಕ್ಯೂಟರ್ ಎದ್ದ. ಹೊಸ ಶೂ ಹಾಕಿಕೊಂಡಿದ್ದ. ಕಾರ್ಖಾನೆಯ ಚಾಕುವನ್ನು ಹೊರಗೆ ತರುವುದು ನಿಯಮಕ್ಕೆ ವಿರುದ್ಧ ಅಲ್ಲವೇ ಎಂದು ಕೇಳಿದ. ಹೌದು ಎಂದೆ. ಅಷ್ಟು ಭಯವಿದ್ದರೆ ಆಕೆ ಮೊದಲೇ ಅಲ್ಲಿಂದ ಹೊರಟುಹೋಗಬಹುದಿತ್ತಲ್ಲ ಎಂದ. ಫಿಲೋಮಿನಾ ಹೋಗಿದ್ದಳು ಎಂದೆ. ಅವನು ಆಕ್ಷೇಪಣೆ ಎತ್ತಿದ. ಆ ಉತ್ತರವನ್ನು ಮರೆತುಬಿಡಿ ಎಂದು ಜಡ್ಜು ಜ್ಯೂರಿಗಳಿಗೆ ಹೇಳಿದ. ಕೂತು ತಿನ್ನುವವರಿಗೆ ಮರೆಯುವುದು ಅಷ್ಟು ಸಲೀಸು.

ಆಮೇಲೆ ಅವನು ಎಲೊಡಿಯಾಳ ಸಹಿಯಿದ್ದ ಕಾಗದ ಎತ್ತಿ ಹಿಡಿದ. ಇದು ನನ್ನ ಮನೆಯಲ್ಲ ಎಂದು ಆರೋಪಿಯೇ ಹೇಳಿದ್ದಾಳೆ. ಮನೆ ಮಾಲೀಕರು ಟಾಲಿಯವರು ಇಲ್ಲೇ ಕೂತಿದ್ದಾರೆ. ಹಿಂದಿನ ಸಾಲಿನಲ್ಲಿ ಟಾಲಿ ಕೈಕಟ್ಟಿಕೊಂಡು ಕೂತಿದ್ದ. ಪಕ್ಕದಲ್ಲಿ ಡ್ವೇನ್, ಪಕ್ಕೆ ಹಿಡಿದುಕೊಂಡು. ಎಂಟು ತಿಂಗಳಾದರೂ ಅವನಿಗೆ ಕೋರ್ಟಿಗೆ ಬಂದಾಗ ಮಾತ್ರ ನೋಯುತ್ತಿತ್ತು.

"ಹದಿನಾಲ್ಕು ವರ್ಷದಲ್ಲಿ ನೀವು ಒಂದು ಸಲನಾದ್ರೂ ಅದನ್ನ ನನ್ನ ಮನೆ ಅಂತ ಕರೆದಿದ್ದೀರಾ?" ಎಂದು ಕೇಳಿದ.

ಬೈಬಲ್ ಮುಟ್ಟಿ ಆಣೆ ಮಾಡಿದ್ದೆ. "ಇಲ್ಲ," ಎಂದೆ.

ಅವನು ಜ್ಯೂರಿಗಳ ಕಡೆ ತಿರುಗಿ, ಇನ್ನೇನು ಬೇಕು ಎನ್ನುವಂತೆ ನಕ್ಕು ಕೂತ. ಎಲೊಡಿಯಾ ತಲೆ ತಗ್ಗಿಸಿದಳು. ಥೆಲ್ಮಾ ಎದ್ದು ನಿಂತು ನನ್ನನ್ನು ಕೇಳಿದ್ದು ಒಂದೇ ಮಾತು. ಯಾಕೆ?

ನಾನು ಚೋನಾಳ ಕಥೆ ಹೇಳಿದೆ. ಅವಳು ಯಾವ ಮೂಲೆಯಲ್ಲಿ ಮಲಗಿದ್ದಾಳೆಂದೂ ಹೇಳಿದೆ. ಮನೆ ಎಂದವಳು ಮನೆಗೆ ಹೋಗುವುದಿಲ್ಲ ಎಂಬ ಭಯದಲ್ಲಿ ಎಂಟೂ ಜನ ನಾಲಗೆ ಕಚ್ಚಿಕೊಂಡು ಬದುಕಿದ್ದೇವೆ ಎಂದೆ. ಯಾರೋ ಗೊಳ್ಳೆಂದು ನಕ್ಕರು, ಡ್ವೇನ್ ಇರಬೇಕು. ಟಾಲಿಯ ಹೆಸರು ನನ್ನ ವೀಸಾದ ಮೇಲಿತ್ತು. ಚೋನಾ ನನ್ನ ಕಣ್ಣ ಮುಂದಿದ್ದಳು. ಎರಡಕ್ಕೂ ಹೆದರಿದೆ. ಆದರೂ ಹೇಳಿದೆ.

"ಇವತ್ತು ಹೇಳ್ತೀನಿ, ಬರ್ಕೊಳ್ಳಿ. ಅದು ನನ್ನ ಮನೆ. ಎಲೊಡಿಯಾದೂ ಹೌದು. ವರ್ಷಕ್ಕೆ ಎಂಟು ತಿಂಗಳು ಅಲ್ಲೇ ಉಣ್ತೀವಿ, ಅಲ್ಲೇ ಮಲಗ್ತೀವಿ, ಅಲ್ಲೇ ಕಾಯಿಲೆ ಬೀಳ್ತೀವಿ. ಹದಿನಾಲ್ಕು ವರ್ಷ ನಾನು ಇದ್ದಿದ್ದು ಮತ್ತೆಲ್ಲಿ, ಗಾಳೀಲಾ? ತನ್ನದಲ್ಲದ ಬಾಗಿಲಿಗೆ ಯಾರಾದ್ರೂ ದಿನಾ ಚಿಲಕ ಹಾಕ್ತಾರಾ?"

ಪ್ರಾಸಿಕ್ಯೂಟರ್ ಮತ್ತೆ ಆಕ್ಷೇಪಣೆ ಎಂದ. ಜಡ್ಜು ಈ ಸಲ ಮರೆತುಬಿಡಿ ಎನ್ನಲಿಲ್ಲ.

ಜ್ಯೂರಿಗಳು ನಾಲ್ಕು ಗಂಟೆ ಒಳಗಿದ್ದರು. ಹೊರಗೆ ಬಂದಾಗ ತೀರ್ಪು ಓದಿದವಳು ಆ ಕೆಂಪು ಕೈಯ ಹೆಂಗಸು. ತಾನು ವಾಸವಿದ್ದ ಮನೆಯಲ್ಲಿ ಆರೋಪಿಗೆ ಹಿಂದೆ ಸರಿಯುವ ಕರ್ತವ್ಯ ಇರಲಿಲ್ಲ. ನಿರಪರಾಧಿ.

ಎಲೊಡಿಯಾ ಮೇಜಿನ ಮೇಲೆ ಮುಖವಿಟ್ಟು ಅತ್ತಳು. ನಾವು ಕೋರ್ಟಿನ ಮುಂಬಾಗಿಲಲ್ಲಿ ಕಾದೆವು. ನಮ್ಮೂರ ರೊಟ್ಟಿ, ತೊರ್ತಿಯಾ, ಸುತ್ತಿ ತಂದಿದ್ದೆ, ಒಳಗೆ ಬೀನ್ಸು, ಅವಳಿಗೆ ಇಷ್ಟವಾದ ಹಸಿಮೆಣಸಿನ ಚಟ್ನಿ. ಒಂದು ಗಂಟೆ ಕಾದೆವು. ಆಮೇಲೆ ಥೆಲ್ಮಾ ಬಂದಳು. ಅವಳ ಮುಖ ನೋಡಿದೆ, ತೊರ್ತಿಯಾ ಕೈಯಲ್ಲೇ ತಣ್ಣಗಾಗಿತ್ತು. ವೀಸಾ ನವೆಂಬರಿನಲ್ಲೇ ಮುಗಿದಿದೆಯಲ್ಲ. ಕೋರ್ಟು ಬಿಡುಗಡೆ ಮಾಡಿದ ಕೂಡಲೇ ವಲಸೆ ಇಲಾಖೆಯವರು ಹಿಂಬಾಗಿಲಿನಿಂದ ಕರೆದುಕೊಂಡು ಹೋಗಿಬಿಟ್ಟರು. ತಿಂಗಳುಗಟ್ಟಲೆ ಅವಳಿಗೆ ಹಿಂಬಾಗಿಲು ತೋರಿಸಿದವರು ಕೊನೆಗೂ ಅವಳನ್ನು ಅದರಿಂದಲೇ ದಾಟಿಸಿದರು.

ಅವಳು ಊರು ಸೇರಿದಳು. ಇಟ್ಸೆಲ್ ಬಸ್ಸಿನ ಬಾಗಿಲಲ್ಲೇ ಅವಳನ್ನು ಅಪ್ಪಿಕೊಂಡಳಂತೆ. ಅದಕ್ಕೆ ಯಾರಿಗೂ ನಾನು ಕೃತಜ್ಞತೆ ಹೇಳುವುದಿಲ್ಲ. ಎಂಟು ತಿಂಗಳ ಜೈಲಿಗೆ ಯಾರೂ ಕ್ಷಮೆ ಕೇಳಲಿಲ್ಲ. ಡ್ವೇನನ ಮೇಲೆ ಯಾರೂ ಕೇಸು ಹಾಕಲಿಲ್ಲ. ಸೋಮವಾರ ಅವನು ಎಂದಿನಂತೆ ಸಲಿಕೆ ಹಿಡಿದು ನಮ್ಮ ಮುಂದೆ ಏಡಿ ಸುರಿದ.

ಆ ವಾರವೇ ಟಾಲಿ ಅಂಗಳದಲ್ಲಿ ನಿಂತು, ಶನಿವಾರ ಮಧ್ಯಾಹ್ನದೊಳಗೆ ಕಟ್ಟಡ ಖಾಲಿ ಮಾಡಿ ಎಂದ. ವೀಸಾ ರದ್ದು ಮಾಡಿಸುತ್ತೇನೆ, ಏಳೂ ಜನ ಊರಿಗೆ ಹೊರಡಿ ಎಂದ. ಗಂಟು ಕಟ್ಟಲು ಕಸದ ಕಪ್ಪು ಚೀಲಗಳನ್ನು ಅವನೇ ಕೊಟ್ಟು ಹೋದ. ಅಷ್ಟರಮಟ್ಟಿಗೆ ದೊಡ್ಡ ಮನಸ್ಸು. ಇಬ್ಬರು ಹುಡುಗಿಯರು ಅಳುತ್ತ ಬಟ್ಟೆ ಮಡಿಸತೊಡಗಿದರು.

ಶುಕ್ರವಾರ ಥೆಲ್ಮಾ ಬಂದಳು. ಸಾಕ್ಷಿಯೆಂದು ಇಟ್ಟುಕೊಂಡಿದ್ದ ಎಲೊಡಿಯಾಳ ಚಾಕುವನ್ನು ಕೋರ್ಟಿನಿಂದ ಬಿಡಿಸಿ ತಂದಿದ್ದಳು. ವೀಸಾದ ವಿಷಯದಲ್ಲಿ ನಾನೇನೂ ಭರವಸೆ ಕೊಡಲಾರೆ, ಆದರೆ ಕೋರ್ಟಿನ ಆದೇಶವಿಲ್ಲದೆ ವಾಸವಿರುವವರನ್ನು ಹೀಗೆ ಎಬ್ಬಿಸುವಂತಿಲ್ಲ ಎಂದಳು. ಇವರನ್ನು ಇವರ ಮನೆಯಿಂದ ಎಬ್ಬಿಸಿಕೊಡಿ ಎಂದು ಟಾಲಿ ಅದೇ ಕೋರ್ಟಿಗೆ ಹೋಗಿ ಕೇಳಲಿ, ನೋಡೋಣ ಎಂದಳು. ಟಾಲಿಗೂ ಹಾಗೇ ಹೇಳಿ ಹೋದಳು. ನಾನು ಕಸದ ಚೀಲಗಳನ್ನು ಮಡಿಸಿ ಒಲೆಯ ಪಕ್ಕ ಇಟ್ಟೆ. ಏಡಿಯ ಚಿಪ್ಪು ತುಂಬಲು ಬೇಕಾಗುತ್ತವೆ.

ಶನಿವಾರ ಹನ್ನೆರಡಕ್ಕೆ ಏಳು ಜನರೂ ಒಳಗಿದ್ದೆವು. ಬಾಗಿಲು ಮುಚ್ಚಿದೆ. ಚೌಕಟ್ಟಿಗೆ ನನ್ನ ಚಾಕು ಚುಚ್ಚಿದೆ. ಅಳುತ್ತಿದ್ದ ಹುಡುಗಿಯರಲ್ಲಿ ಒಬ್ಬಳು ಎದ್ದು ಬಂದು ಅದರ ಕೆಳಗೆ ತನ್ನದನ್ನು ಚುಚ್ಚಿದಳು. ಆಮೇಲೆ ಇನ್ನೊಬ್ಬಳು. ಸರದಿ ಇಲ್ಲ ಇವತ್ತು. ಏಳು ಚಾಕು ಆದವು. ಎಂಟನೆಯದು ಎಲೊಡಿಯಾಳದು. ಅದನ್ನು ಎಲ್ಲಕ್ಕಿಂತ ಮೇಲೆ ಚುಚ್ಚಿದೆ.

ಹೊರಗೆ ಬೂಟಿನ ಸದ್ದಾಯಿತು. ಡ್ವೇನನ ಬೂಟು ನಮಗೆ ಗೊತ್ತು. ಒದೆತಕ್ಕಾಗಿ ಕಾದೆವು. ಒಬ್ಬಳು ಕಿವಿ ಮುಚ್ಚಿಕೊಂಡಳು.

ಒದೆತ ಬರಲಿಲ್ಲ. ಟಕ್ ಟಕ್ ಎಂದಿತು. ಮೆತ್ತಗೆ, ಬೆರಳ ಗೆಣ್ಣಿನಲ್ಲಿ. ಇಷ್ಟು ವರ್ಷದಲ್ಲಿ ಆ ಬಾಗಿಲನ್ನು ಅವನು ಬಡಿದದ್ದು ಅದೇ ಮೊದಲು.

"ಹೆರ್ಲಿಂಡಾ," ಎಂದ. "ಸ್ವಲ್ಪ ಬಾಗ್ಲು ತೆಗೀರಿ. ಮಾತಾಡ್ಬೇಕು."

"ಸರಿಯಾಗಿ ಕೇಳಿಸ್ಲಿಲ್ಲ ಕಣೋ," ಎಂದೆ. "ಇನ್ನೊಂದ್ಸಲ ಬಡಿ. ಈಗಷ್ಟೇ ಕಲೀತಿದೀಯ."

ಅವನು ಬಡಿದ. ನಾವು ತೆಗೆಯಲಿಲ್ಲ.